ಯೂರೋ ಇದ್ರೂ ಸಿಗದ ಅಡಿಕೆ ತೋಟ

ಜರ್ಮನಿಯಲ್ಲಿರೋದು ಲಾಭಾನಾ, ನಷ್ಟಾನಾ? ಊರಿಂದ ಫೋನ್ ಮಾಡೋ ಸ್ನೇಹಿತರೆಲ್ಲ ಕೇಳೋ ಪ್ರಶ್ನೆ ಇದು.

ಲಾಭ ಮೊದಲು ಹೇಳ್ತೀನಿ. ವಾರಕ್ಕೆ 5 ದಿನ ದುಡಿಯೋರಿಗೆ ವರ್ಷಕ್ಕೆ ಕನಿಷ್ಠ 20 ದಿನ ಸಂಬಳ ಸಹಿತ ರಜೆ ಕೊಡಲೇಬೇಕು ಅಂತ ಕಾನೂನೇ ಇದೆ. ಕಾಯಿಲೆ ಬಿದ್ದರೆ 6 ವಾರದವರೆಗೆ ಪೂರ್ತಿ ಸಂಬಳ.

ಕಿರಿಕಿರಿಗಳೂ ಇವೆ. ಭಾನುವಾರ ಅಂಗಡಿಗಳು ಬಾಗಿಲು ಹಾಕಿರುತ್ತವೆ. ಕರಿಬೇವು ಬೇಕಂದ್ರೆ ಶನಿವಾರವೇ ಓಡಬೇಕು. ಚಳಿಗಾಲದಲ್ಲಿ ಇಲ್ಲಿನ ಗಡಿಯಾರ ನಾಲ್ಕೂವರೆ ಗಂಟೆ ಹಿಂದೆ. ನಾನು ಆಫೀಸ್ ಮುಗಿಸೋ ಹೊತ್ತಿಗೆ ಶಿವನಿಯಲ್ಲಿ ಅಮ್ಮ ಮಲಗಿರ್ತಾಳೆ. ಇದೆಲ್ಲ ಅಭ್ಯಾಸ ಆಗುತ್ತೆ.

ಅಭ್ಯಾಸ ಆಗದ್ದು ಬೇರೆ. ನಮ್ಮ ಅಡಿಕೆ ತೋಟದ ಪಕ್ಕದ ಒಂದೆಕರೆ ಮಾರಾಟಕ್ಕೆ ಬಂದಿದೆ. "ದುಡ್ಡಿದ್ಯಲ್ಲ, ನಿನ್ನ ಹೆಸರಿಗೇ ತಗೊಳ್ಳೋ" ಅಂತಾರೆ ಅಪ್ಪ. ಆಗಲ್ಲ. 2020ರಲ್ಲಿ ಕರ್ನಾಟಕದ ಭೂಸುಧಾರಣಾ ಕಾಯ್ದೆಗೆ ತಿದ್ದುಪಡಿ ಆದ ಮೇಲೆ, ಒಂದು ದಿನವೂ ಗುದ್ದಲಿ ಹಿಡಿಯದ ಬೆಂಗಳೂರಿನ ಇಂಜಿನಿಯರ್ ಕೂಡ ಜಮೀನು ಕೊಳ್ಳಬಹುದು. ವಿದೇಶದಲ್ಲಿ ನೆಲೆಸಿದ ರೈತನ ಮಗ ಕೊಳ್ಳೋ ಹಾಗಿಲ್ಲ. ಕೈಯಲ್ಲಿ ಭಾರತದ ಪಾಸ್‌ಪೋರ್ಟೇ ಇದ್ರೂ ಅಷ್ಟೇ. ಫೆಮಾ ನಿಯಮದ ಪ್ರಕಾರ ಅನಿವಾಸಿಗಳಿಗೆ ಸೈಟು, ಫ್ಲಾಟು ಸರಿ. ಕೃಷಿ ಜಮೀನು, ತೋಟ, ಫಾರ್ಮ್‌ಹೌಸ್ ಇಲ್ಲ. ಹಿರಿಯರಿಂದ ವಾರಸಾಗಿ ಬಂದ್ರೆ ಮಾತ್ರ ಇಟ್ಕೋಬಹುದು.

"ದುಡ್ಡು ಕಳಿಸ್ತೀನಿ, ನಿಮಗಾಗಿಯೇ ತಗೊಳ್ಳಿ ಅಪ್ಪ" ಅಂದೆ.

"ಇರೋದನ್ನೇ ನೋಡ್ಕೊಳ್ಳೋರಿಲ್ಲ. ನನಗ್ಯಾಕೋ ಇನ್ನೊಂದೆಕರೆ?" ಅಂದ್ರು.

ಅದಕ್ಕೆ ನನ್ನ ಹತ್ರ ಉತ್ತರ ಇರಲಿಲ್ಲ. ಆಫರ್ ಲೆಟರ್ ಹಿಡಿದು ಸಂಬಳ, ರಜೆ ಲೆಕ್ಕ ಹಾಕ್ತಿರೋರೇ, ಊರಲ್ಲಿ ತೋಟ ಇದ್ರೆ ಈ ಲೆಕ್ಕವನ್ನೂ ಮನೆಯವರ ಜೊತೆ ಕೂತು ಮಾತಾಡಿಯೇ ಹೊರಡಿ.