ಮೊದಲು ಟೆಸ್ಟಿಂಗ್, ಆಮೇಲೆ ಚಪ್ಪಾಳೆ

ಸ್ಟೆಮ್ ಸೆಲ್ ಅಂದ ತಕ್ಷಣ ನಮ್ಮ ಕಣ್ಣು ಅರಳುತ್ತೆ. ಅಂಗದ ಆಕಾರದ ಅಚ್ಚು ಮಾಡು, ಅದರ ಮೇಲೆ ರೋಗಿಯದೇ ಕೋಶಗಳನ್ನು ಬಿತ್ತು, ಹೊಸ ಅಂಗ ರೆಡಿ! ಪ್ರಾಜೆಕ್ಟ್ ಪೋಸ್ಟರ್‌ಗೆ ಇನ್ನೇನು ಬೇಕು?

ಇದನ್ನು ಮನುಷ್ಯರ ಮೇಲೆ ಮಾಡಿಯೂ ನೋಡಿದ್ದಾರೆ. 2011ರಲ್ಲಿ ಸ್ವೀಡನ್‌ನ ಕರೋಲಿನ್ಸ್ಕಾ ಆಸ್ಪತ್ರೆಯಲ್ಲಿ ಪಾವ್ಲೊ ಮಕ್ಕಿಯಾರಿನಿ ಎಂಬ ಶಸ್ತ್ರವೈದ್ಯರು ಪ್ಲಾಸ್ಟಿಕ್ ಶ್ವಾಸನಾಳಕ್ಕೆ ರೋಗಿಯ ಅಸ್ಥಿಮಜ್ಜೆಯ ಕೋಶಗಳನ್ನು ಹಚ್ಚಿ ಅಳವಡಿಸಿದರು. ಜಗತ್ತೇ ಚಪ್ಪಾಳೆ ತಟ್ಟಿತು. ಅಲ್ಲಿ ಅವರು ಹೀಗೆ ಆಪರೇಷನ್ ಮಾಡಿದ ಮೂವರೂ ಮುಂದೆ ತೀರಿಕೊಂಡರು. ಪ್ರಾಣಿಗಳ ಮೇಲೆ ಸರಿಯಾದ ಪರೀಕ್ಷೆಯೇ ಆಗಿರಲಿಲ್ಲ. ಜೊತೆಗಿದ್ದ ನಾಲ್ವರು ವೈದ್ಯರು ದೂರು ಕೊಟ್ಟರೂ ಸಂಸ್ಥೆ ಮೊದಲು ಕಿವಿಗೊಡಲಿಲ್ಲ. ಕೊನೆಗೆ 2023ರಲ್ಲಿ ಮೇಲ್ಮನವಿ ನ್ಯಾಯಾಲಯ ಅವರಿಗೆ ಎರಡೂವರೆ ವರ್ಷ ಜೈಲು ವಿಧಿಸಿತು.

ಈಗ ಹೈದರಾಬಾದಿಗೆ ಬನ್ನಿ. ಸುಣ್ಣವೋ ಆ್ಯಸಿಡ್ಡೋ ಸಿಡಿದು ಕಣ್ಣು ಸುಟ್ಟರೆ, ಕರಿಗುಡ್ಡೆಯ ಅಂಚಿನಲ್ಲಿರುವ ಸ್ಟೆಮ್ ಸೆಲ್‌ಗಳು ಸತ್ತು ಕಾರ್ನಿಯಾ ಮಬ್ಬಾಗುತ್ತದೆ. ಮೊದಲು ಒಳ್ಳೆ ಕಣ್ಣಿನ ಕೋಶಗಳನ್ನು ದುಬಾರಿ ಲ್ಯಾಬ್‌ನಲ್ಲಿ ಬೆಳೆಸಿ ಕಸಿ ಮಾಡುತ್ತಿದ್ದರು. ಎಲ್.ವಿ. ಪ್ರಸಾದ್ ಕಣ್ಣಿನ ಸಂಸ್ಥೆಯ ಡಾ. ವೀರೇಂದರ್ ಸಂಗ್ವಾನ್ ತಂಡ 2012ರಲ್ಲಿ ಸರಳ ದಾರಿಯೊಂದನ್ನು ಪ್ರಕಟಿಸಿತು. ಒಳ್ಳೆ ಕಣ್ಣಿನಿಂದ 2 ಮಿಲಿಮೀಟರ್ ಚೂರು ತೆಗೆದು, ಅದನ್ನು 8-10 ತುಣುಕು ಮಾಡಿ, ಸುಟ್ಟ ಕಣ್ಣಿನ ಮೇಲೆ ಹಾಸಿದ ಗರ್ಭಪೊರೆಗೆ ಅಂಟಿಸುವುದು. ಕೋಶಗಳು ಅಲ್ಲೇ ಬೆಳೆದು ಹರಡುತ್ತವೆ. ಕಣ್ಣೇ ಲ್ಯಾಬ್! ಎರಡೂ ಕಣ್ಣು ಸುಟ್ಟಿದ್ದರೆ ಮಾತ್ರ ಈ ದಾರಿ ಇಲ್ಲ. ಬೇರೆಯವರ ಅಂಗಾಂಶ ಬೇಕಾಗಬಹುದು.

ನಮ್ಮ ಪ್ರಕಾರ ಒಳ್ಳೆ ಇಂಜಿನಿಯರಿಂಗ್ ಅಂದ್ರೆ ಇದು. ಅಂಚಿನ ಕೋಶಕ್ಕೆ ಅದು ದಿನವೂ ಮಾಡುವ ಕೆಲಸವನ್ನೇ ಕೊಟ್ಟರು. ಬ್ಲಡ್ ಕ್ಯಾನ್ಸರ್‌ಗೆ ಅಸ್ಥಿಮಜ್ಜೆ ಕಸಿ ಫಲ ಕೊಡುವುದೂ ಹೀಗೇ: ರಕ್ತ ಮಾಡುವ ಕೋಶ ರಕ್ತವನ್ನೇ ಮಾಡುತ್ತದೆ. ಶ್ವಾಸನಾಳದ ವಿಷಯದಲ್ಲಿ ಮಜ್ಜೆಯ ಕೋಶ ಪ್ಲಾಸ್ಟಿಕ್ ಮೇಲೆ ಬೇರೆಯದೇ ಅಂಗಾಂಶವಾಗಲಿ ಅಂತ ಬರೀ ಆಸೆಪಟ್ಟರು.

ಮಂಡಿನೋವು, ಸಕ್ಕರೆ ಕಾಯಿಲೆ, ಆಟಿಸಂ ಎಲ್ಲಕ್ಕೂ ಸ್ಟೆಮ್ ಸೆಲ್ ಇಂಜೆಕ್ಷನ್ ಅನ್ನೋ ಜಾಹೀರಾತು ಬಂದಾಗ ಮನೆಯವರು "ಇದು ನಿಜಾನಾ?" ಅಂತ ಕೇಳೋದು ಓದಿದ ನಮ್ಮನ್ನೇ. ಆಗ ನಾವು ತಿರುಗಿ ಕೇಳಬೇಕು: ಯಾವ ಕೋಶ? ಅದರ ದಿನನಿತ್ಯದ ಕೆಲಸ ಏನು? ಪರೀಕ್ಷೆಯ ಫಲಿತಾಂಶ ಎಲ್ಲಿ ಪ್ರಕಟವಾಗಿದೆ? ಇನ್ನೂ ಪ್ರಯೋಗವೇ ಆಗಿದ್ದರೆ ರೋಗಿಯಿಂದ ದುಡ್ಡು ಯಾಕೆ?

ಲೋಡ್ ಟೆಸ್ಟ್ ಆಗದ ಸೇತುವೆ ಮೇಲೆ ನಾವು ಬಸ್ ಬಿಡಲ್ಲ. ಎದೆಯೊಳಗೆ ಇಡೋ ಕೊಳವೆಗೂ ಅದೇ ರೂಲ್ ಇರಲಿ. ನಾಳೆ ನಮ್ಮಲ್ಲೇ ಯಾರೋ ಅದನ್ನು ಡಿಸೈನ್ ಮಾಡ್ತಾರೆ. ಪಕ್ಕದಲ್ಲಿ ಕೂತು ತಕರಾರು ತೆಗೆಯುವವರೂ ನಮ್ಮಲ್ಲೇ ಇರಬೇಕು.