ಸರಕು ಸಿದ್ಧ, ಚಕ್ಕಡಿ ಬೇಕು

ಶಿರಹಟ್ಟಿ ಕಡೆಯ ರೈತರೊಬ್ಬರು ಮಗನನ್ನು ಕರೆತಂದಿದ್ದರು. ಹುಡುಗನಿಗೆ ಹಿಮೋಫಿಲಿಯಾ, ಮೊಣಕಾಲಿನ ಕೀಲಿನಲ್ಲಿ ರಕ್ತ ತುಂಬಿ ಊದಿಕೊಂಡಿತ್ತು. "ಜೀನ್ ಚಿಕಿತ್ಸೆ ಬಂದೈತಂತಲ್ರಿ ಸಾಹೇಬ್ರ. ಹೊಲ ಮಾರಿದ್ರ ಆಗತೈತೇನ್ರಿ?" ಎಂದು ಕೇಳಿದರು.

ಚಿಕಿತ್ಸೆ ಬಂದಿರುವುದು ನಿಜ. 2022ರಲ್ಲಿ ಅಮೆರಿಕ ಒಪ್ಪಿಗೆ ನೀಡಿದ ಹಿಮೋಫಿಲಿಯಾ-ಬಿ ಚಿಕಿತ್ಸೆಯ ಬೆಲೆ 35 ಲಕ್ಷ ಡಾಲರ್, ಆಗಿನ ಲೆಕ್ಕದಲ್ಲಿ ಸುಮಾರು 28 ಕೋಟಿ ರೂಪಾಯಿ! ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನಲ್ಲಿ ಹಿಮೋಫಿಲಿಯಾ-ಎ ಇದ್ದ ಐವರ ಮೇಲೆ ನಡೆದ ಪ್ರಯೋಗದ ಆಶಾದಾಯಕ ಫಲಿತಾಂಶ 2024ರಲ್ಲಿ ಪ್ರಕಟವಾಯಿತು. ಎರಡರಲ್ಲೂ ಜೀನನ್ನು ಹೊತ್ತೊಯ್ದದ್ದು ಮಾರ್ಪಡಿಸಿದ ವೈರಸ್. ಇಂಥ ವೈರಸ್ಸಿನ ತಯಾರಿಕೆ ದುಬಾರಿ. ನೇರವಾಗಿ ರಕ್ತಕ್ಕೆ ಕೊಟ್ಟರೆ ದೇಹ ಅದರ ವಿರುದ್ಧ ಪ್ರತಿಕಾಯ ಬೆಳೆಸಿಕೊಳ್ಳುವುದರಿಂದ ಎರಡನೆಯ ಸಲ ಕೊಡುವುದು ಕಷ್ಟ.

ಬೇರೆ ಚಕ್ಕಡಿ ಇಲ್ಲವೆ? ಡಿಎನ್‌ಎ ಋಣ ವಿದ್ಯುದಂಶವುಳ್ಳದ್ದು. ಜೀವಕೋಶದ ಹೊರಮೈಯೂ ಹಾಗೆಯೇ. ಆದ್ದರಿಂದ ಅದು ತಾನಾಗಿ ಒಳಹೋಗಲಾರದು. ಧನ ವಿದ್ಯುದಂಶವುಳ್ಳ ಪಾಲಿಮರ್ ಬೆರೆಸಿದರೆ ಅದು ಡಿಎನ್‌ಎಯನ್ನು ಅತಿ ಸಣ್ಣ ಉಂಡೆಯಾಗಿಸುತ್ತದೆ. ಜೀವಕೋಶ ಆ ಉಂಡೆಯನ್ನು ಒಳಗೆಳೆದುಕೊಳ್ಳುತ್ತದೆ. 1995ರಲ್ಲಿ ಫ್ರಾನ್ಸಿನಲ್ಲಿ ಇದಕ್ಕೆ ಬಳಸಿದ ಪಾಲಿಎಥಿಲೀನ್‌ಇಮೈನ್ ಚೆನ್ನಾಗಿ ಕೆಲಸ ಮಾಡಿತು. ಆದರೆ ಅದು ಸುಲಭವಾಗಿ ಕರಗದು. ಹೆಚ್ಚಾದರೆ ಜೀವಕೋಶಕ್ಕೆ ವಿಷ. 2000ದಲ್ಲಿ ಅಮೆರಿಕದ ಡೇವಿಡ್ ಲಿನ್ ಮತ್ತು ರಾಬರ್ಟ್ ಲ್ಯಾಂಗರ್ ನೀರಿನ ಸಂಪರ್ಕದಲ್ಲಿ ಚೂರಾಗುವ ಪಾಲಿಮರ್ ತೋರಿಸಿದರು. ಶಸ್ತ್ರಚಿಕಿತ್ಸೆಯ ನಂತರ ಹೊಲಿಗೆಯ ದಾರ ತಾನೇ ಕರಗುವುದನ್ನು ನೀವು ಕಂಡಿರಬಹುದು. ತತ್ವ ಅದೇ: ಹೊರೆ ಇಳಿಸಿದ ಮೇಲೆ ಚಕ್ಕಡಿಯೂ ಕರಗಬೇಕು.

ಇದು ಇನ್ನೂ ನಮ್ಮ ಔಷಧ ಚೀಟಿಗೆ ಬಂದಿಲ್ಲ. ಬೇಕಾದ ಅಂಗಕ್ಕೇ ಜೀನನ್ನು ತಲುಪಿಸುವುದು, ಅದು ಬಹುಕಾಲ ಕೆಲಸ ಮಾಡುವಂತೆ ನೋಡಿಕೊಳ್ಳುವುದು ಎರಡೂ ಕಠಿಣ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸಂತನು ಭಟ್ಟಾಚಾರ್ಯ ಅವರ ತಂಡ ಧನ ವಿದ್ಯುದಂಶದ ಕೊಬ್ಬಿನ ಅಣುಗಳಿಂದ ಜೀನ್ ಸಾಗಿಸುವ ಬಗ್ಗೆ ವರ್ಷಗಟ್ಟಲೆ ದುಡಿದಿದೆ. ಸರಕಾರ ಹಣ ತೊಡಗಿಸಬೇಕಾದದ್ದು ಇಂಥ ಕೆಲಸಕ್ಕೆ ಎಂಬುದು ನನ್ನ ಅಭಿಪ್ರಾಯ. ಜೀನ್ ಯಾವುದೆಂದು ಗೊತ್ತಾಗಿದೆ; ಅಗ್ಗದ, ಸುರಕ್ಷಿತ ವಾಹಕ ಸಿಗದಿದ್ದರೆ ಚಿಕಿತ್ಸೆ ಲಕ್ಷ್ಮೇಶ್ವರ, ಮುಂಡರಗಿಗಳನ್ನು ಮುಟ್ಟದು.

ಆ ತಂದೆಗೆ ನಾನು ಹೇಳಿದ್ದಿಷ್ಟೆ: ಹೊಲ ಮಾರಬೇಡಿ. ಊತ ಕಂಡ ಕೂಡಲೇ ಫ್ಯಾಕ್ಟರ್ ಚುಚ್ಚುಮದ್ದು ಹಾಕಿಸಿ. ಸರಕಾರಿ ಆಸ್ಪತ್ರೆಯಲ್ಲಿ ವಿಚಾರಿಸಿ. ಆಸ್ಪಿರಿನ್ ಬೇಡ, ಸ್ನಾಯುವಿಗೆ ಸೂಜಿ ಬೇಡ, ಊದಿದ ಕೀಲನ್ನು ತಿಕ್ಕಿಸಬೇಡಿ. ಹೊಸ ಚಿಕಿತ್ಸೆ ಬರುವ ಹೊತ್ತಿಗೆ ಹುಡುಗನ ಮೊಣಕಾಲು ನೆಟ್ಟಗಿರಬೇಕು.