ಪಡಿತರ ಸರಬರಾಜಿನಲ್ಲಿ ನಾಯಕತ್ವ ಮತ್ತು ಸಿಬ್ಬಂದಿ ನಿರ್ವಹಣೆ: ಹಲಸಿ ಭಾಗವನ್ನು ಕುರಿತ ಒಂದು ವಿಶ್ಲೇಷಣೆ

1. ಪೀಠಿಕೆ

ಕದಂಬರ ಕಾಲದಲ್ಲಿ ಪಲಾಶಿಕಾ ಎಂದು ಹೆಸರಾಗಿದ್ದ ಹಲಸಿಯು ಇಂದು ಬೆಳಗಾವಿ ಜಿಲ್ಲೆಯ ಖಾನಾಪುರ ತಾಲ್ಲೂಕಿಗೆ ಸೇರಿದ ಗ್ರಾಮವಾಗಿದೆ. ಇಂತಹ ಗ್ರಾಮದ ಪಡಿತರ ಚೀಟಿದಾರರಿಗೆ ದೊರೆಯುವ ಅಕ್ಕಿಯು ಭಾರತ ಆಹಾರ ನಿಗಮದ ಗೋದಾಮಿನಿಂದ ಸಗಟು ಗೋದಾಮಿಗೂ, ಅಲ್ಲಿಂದ ನ್ಯಾಯಬೆಲೆ ಅಂಗಡಿಗೂ ಬರುತ್ತದೆ. ಗೋದಾಮು ವ್ಯವಸ್ಥಾಪಕರು, ಹಮಾಲರು, ಲಾರಿ ಚಾಲಕರು, ಆಹಾರ ನಿರೀಕ್ಷಕರು ಹಾಗೂ ಅಂಗಡಿ ಮಾಲೀಕರು ಈ ಸರಪಳಿಯ ಕೊಂಡಿಗಳಾಗಿದ್ದಾರೆ. ಪಡಿತರ ವಿಳಂಬವಾದಾಗ ಧಾನ್ಯದ ಕೊರತೆಯೇ ಕಾರಣವೆಂದು ಸಾರ್ವಜನಿಕರು ಭಾವಿಸುವುದು ಸಹಜ. ಆದರೆ ದಾಸ್ತಾನು ಇದ್ದಾಗಲೂ ಈ ಕೊಂಡಿಗಳಲ್ಲೊಂದು ಸಡಿಲಗೊಂಡರೆ ಅಂಗಡಿಗೆ ಧಾನ್ಯ ತಲುಪುವುದಿಲ್ಲ ಎಂಬುದನ್ನು 2025ನೆಯ ಸಾಲಿನ ಬೆಳವಣಿಗೆಗಳು ತೋರಿಸಿವೆ.

2. 2025ರ ಬೆಳವಣಿಗೆಗಳು

ಅನ್ನಭಾಗ್ಯ ಯೋಜನೆಯಡಿ ಹೆಚ್ಚುವರಿ 5 ಕಿಲೋ ಅಕ್ಕಿಯ ಬದಲಿಗೆ 2023ರ ಜುಲೈನಿಂದ ಕಿಲೋ ಒಂದಕ್ಕೆ 34 ರೂಪಾಯಿಯಂತೆ ಫಲಾನುಭವಿಗಳ ಬ್ಯಾಂಕ್ ಖಾತೆಗೆ ಹಣ ಜಮಾ ಮಾಡಲಾಗುತ್ತಿತ್ತು. 2025ರ ಫೆಬ್ರುವರಿಯಿಂದ ಹಣದ ಬದಲು ಅಕ್ಕಿಯನ್ನೇ ನೀಡಲು ಸರ್ಕಾರವು ತೀರ್ಮಾನಿಸಿತು. ಫೆಬ್ರುವರಿಯ ಹೆಚ್ಚುವರಿ ಪಾಲೂ ಸೇರಿ ಮಾರ್ಚ್ ತಿಂಗಳಿನಲ್ಲಿ ಪ್ರತಿ ಸದಸ್ಯರಿಗೆ 15 ಕಿಲೋ ವಿತರಿಸುವ ವ್ಯವಸ್ಥೆ ಮಾಡಲಾಯಿತು.

ಈ ತೀರ್ಮಾನದಿಂದ ಸರಪಳಿಯ ಮೇಲೆ ಬಿದ್ದ ಹೊರೆಯನ್ನು ಒಂದು ಉದಾಹರಣೆಯಿಂದ ತಿಳಿಯಬಹುದು. 500 ಸದಸ್ಯರಿರುವ ಒಂದು ಅಂಗಡಿಗೆ ತಲಾ 5 ಕಿಲೋದಂತೆ 50 ಕಿಲೋ ತೂಕದ 50 ಚೀಲ ಸಾಕು. ತಲಾ 15 ಕಿಲೋ ಆದಾಗ 150 ಚೀಲ ಬೇಕಾಗುತ್ತದೆ. ಗೋದಾಮುಗಳಲ್ಲಿ ಹೇರುವುದು, ಇಳಿಸುವುದು, ಮತ್ತೆ ಹೇರಿ ಅಂಗಡಿಯಲ್ಲಿ ಇಳಿಸುವುದು ಎಂದು ಪ್ರತಿ ಚೀಲವನ್ನೂ ಕನಿಷ್ಠ ನಾಲ್ಕು ಬಾರಿ ಎತ್ತಬೇಕು. ಅಂದರೆ 200 ಬಾರಿ ಎತ್ತುವ ಕೆಲಸ 600ಕ್ಕೆ ಏರುತ್ತದೆ. ಆದೇಶ ಹೊರಡಿಸಲು ಒಂದು ದಿನ ಸಾಕು. ಹಮಾಲರ ಸಂಖ್ಯೆಯಾಗಲಿ, ಲಾರಿಗಳ ಸಂಖ್ಯೆಯಾಗಲಿ ಒಂದೇ ದಿನದಲ್ಲಿ ಮೂರು ಪಟ್ಟು ಆಗುವುದಿಲ್ಲ.

ಅದೇ ವರ್ಷದ ಮೇ ತಿಂಗಳಿನಲ್ಲಿ, ಮಳೆಗಾಲದ ಅಡಚಣೆಗಳನ್ನು ಗಮನದಲ್ಲಿರಿಸಿಕೊಂಡು, ಆಗಸ್ಟ್‌ವರೆಗಿನ ಧಾನ್ಯವನ್ನು ಮುಂಗಡವಾಗಿ ಎತ್ತುವಳಿ ಮಾಡಿ ವಿತರಿಸುವಂತೆ ಕೇಂದ್ರ ಸರ್ಕಾರವು ರಾಜ್ಯಗಳಿಗೆ ಸೂಚಿಸಿತು. ಜುಲೈನಲ್ಲಿ ಪಡಿತರ ಸಾಗಿಸುವ ಲಾರಿ ಮಾಲೀಕರು ಸಾಗಣೆ ವೆಚ್ಚದ ಬಾಕಿ ಪಾವತಿಗೆ ಒತ್ತಾಯಿಸಿ ಮುಷ್ಕರ ಹೂಡಿದರು. ಅಕ್ಟೋಬರ್‌ನಲ್ಲಿ ಹೆಚ್ಚುವರಿ ಅಕ್ಕಿಯ ಬದಲು ಬೇಳೆ, ಎಣ್ಣೆ, ಸಕ್ಕರೆ, ಉಪ್ಪು ಒಳಗೊಂಡ ಇಂದಿರಾ ಆಹಾರ ಕಿಟ್ ನೀಡಲು ರಾಜ್ಯ ಸಚಿವ ಸಂಪುಟವು ನಿರ್ಧರಿಸಿತು. ಹೀಗೆ ಹತ್ತು ತಿಂಗಳೊಳಗೆ ಕೆಲಸದ ಪ್ರಮಾಣ, ವೇಳಾಪಟ್ಟಿ ಮತ್ತು ಪದಾರ್ಥ ಮೂರೂ ವಿಷಯಗಳಲ್ಲಿ ಬದಲಾವಣೆಯ ತೀರ್ಮಾನಗಳಾದವು.

3. ಖಾನಾಪುರ ತಾಲ್ಲೂಕಿನ ವಿಶೇಷ ಪರಿಸ್ಥಿತಿ

ಮಲಪ್ರಭಾ ನದಿಯು ಉಗಮಿಸುವ ಕಣಕುಂಬಿ ಈ ತಾಲ್ಲೂಕಿನಲ್ಲಿದೆ. ತಾಲ್ಲೂಕಿನ ಪಶ್ಚಿಮ ಭಾಗವು ದಟ್ಟ ಅರಣ್ಯ ಹಾಗೂ ಅಧಿಕ ಮಳೆಯ ಪ್ರದೇಶ. 2011ರಲ್ಲಿ ಘೋಷಿತವಾದ ಭೀಮಗಡ ವನ್ಯಜೀವಿ ಧಾಮದ ಒಳಗಿನ ಹಳ್ಳಿಗಳ ಸಂಪರ್ಕವು ಹಳ್ಳಗಳು ತುಂಬಿ ಹರಿದಾಗ ಕಡಿದುಹೋಗುತ್ತದೆ. ಹಲಸಿಯಂತಹ ಬಯಲು ಭಾಗದ ಗ್ರಾಮಗಳಿಗೆ ಲಾರಿ ಒಂದೆರಡು ದಿನ ತಡವಾದರೆ ಅನನುಕೂಲವಷ್ಟೇ. ಕಾಡಿನಂಚಿನ ಹಳ್ಳಿಗೆ ಅದೇ ವಿಳಂಬವು ವಾರಗಟ್ಟಲೆ ಧಾನ್ಯವಿಲ್ಲದ ಸ್ಥಿತಿಯನ್ನು ತರಬಲ್ಲದು. ಆದುದರಿಂದ ಯಾವ ಊರಿಗೆ ಮೊದಲು ಲಾರಿ ಕಳುಹಿಸಬೇಕೆಂಬ ನಿರ್ಧಾರವನ್ನು ಸ್ಥಳದ ದಾರಿ ಬಲ್ಲವರೇ ಕೈಗೊಳ್ಳುವುದು ಸೂಕ್ತ.

ತಾಲ್ಲೂಕಿನಲ್ಲಿ ಕನ್ನಡ ಹಾಗೂ ಮರಾಠಿ ಭಾಷಿಕರಿಬ್ಬರೂ ಇದ್ದಾರೆ. ಸೂಚನೆಯು ಹಮಾಲರಿಗೂ ಚೀಟಿದಾರರಿಗೂ ತಿಳಿಯುವ ಮಾತಿನಲ್ಲಿ ತಲುಪದಿದ್ದಲ್ಲಿ ಗೊಂದಲ ಉಂಟಾಗುತ್ತದೆ. ಇದಲ್ಲದೆ ನೆರೆಯ ಗೋವಾ ಮತ್ತು ಮಹಾರಾಷ್ಟ್ರಗಳಿಗೆ ದುಡಿಯಲು ಹೋಗುವವರು ಒಂದು ದೇಶ ಒಂದು ಪಡಿತರ ಚೀಟಿ ವ್ಯವಸ್ಥೆಯಡಿ ಅಲ್ಲಿಯೇ ಧಾನ್ಯ ಪಡೆಯಬಹುದಾಗಿದ್ದು, ಊರಿನ ಅಂಗಡಿಯ ಬೇಡಿಕೆ ತಿಂಗಳಿಂದ ತಿಂಗಳಿಗೆ ಏರಿಳಿಯಬಹುದು.

4. ನಾಯಕತ್ವದಿಂದ ನಿರೀಕ್ಷಿಸುವುದೇನು

ಮೊದಲನೆಯದು ಸಕಾಲಿಕ ಪಾವತಿ. ಹಮಾಲರು ಸಾಮಾನ್ಯವಾಗಿ ಎತ್ತಿದ ಚೀಲದ ಲೆಕ್ಕದಲ್ಲಿ ಕೂಲಿ ಪಡೆಯುವವರು. ಲಾರಿಗೆ ಡೀಸೆಲ್ ಅಂದಂದೇ ತುಂಬಿಸಬೇಕು. ಬಾಕಿ ಬೆಳೆದಾಗ ಉಪದೇಶದಿಂದ ಕೆಲಸ ನಡೆಯುವುದಿಲ್ಲ ಎಂಬುದು 2025ರ ಜುಲೈ ಮುಷ್ಕರದ ಪಾಠ. ಬಿಲ್ಲು ಎಲ್ಲಿ ನಿಂತಿದೆ ಎಂಬುದನ್ನು ಪ್ರತಿ ವಾರ ವಿಚಾರಿಸುವ ಅಧಿಕಾರಿಯು ಮುಷ್ಕರದ ನೋಟಿಸು ಬರುವ ಮೊದಲೇ ಎಚ್ಚೆತ್ತಿರುತ್ತಾನೆ.

ಎರಡನೆಯದು ದುಡಿಯುವವರ ಸುರಕ್ಷತೆ. ವಯಸ್ಕ ಪುರುಷ ಕಾರ್ಮಿಕರು ಹೊರುವ ಭಾರ 55 ಕಿಲೋ ಮೀರಬಾರದೆಂದು ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯು 1967ರಲ್ಲಿ ಶಿಫಾರಸು ಮಾಡಿದೆ. 50 ಕಿಲೋ ಚೀಲವು ಆ ಮಿತಿಗೆ ಸಮೀಪದಲ್ಲಿಯೇ ಇದೆ. ಹೊರೆ ಮೂರು ಪಟ್ಟು ಆದ ತಿಂಗಳಲ್ಲಿ ಅದೇ ತಂಡವನ್ನು ಹೆಚ್ಚು ಹೊತ್ತು ದುಡಿಸುವುದಕ್ಕಿಂತ ಎರಡನೆಯ ತಂಡವನ್ನು ಗೊತ್ತುಪಡಿಸುವುದು ವಿವೇಕಯುತ.

ಮೂರನೆಯದು ಮುಂಚಿತ ಮಾಹಿತಿ. ಅಂಗಡಿ ಮಾಲೀಕರು ಚೀಟಿದಾರರ ಪ್ರಶ್ನೆಗಳನ್ನು ನೇರವಾಗಿ ಎದುರಿಸುವವರು. ಲಾರಿ ಬರುವ ದಿನವನ್ನು ಅವರಿಗೇ ತಿಳಿಸದಿದ್ದಲ್ಲಿ ಕೂಲಿ ಬಿಟ್ಟು ಬಂದವರು ಬರಿಗೈಯಲ್ಲಿ ಮರಳುತ್ತಾರೆ. ಒಬ್ಬ ಕೂಲಿಕಾರರಿಗೆ ಇದು ಒಂದು ದಿನದ ಸಂಪಾದನೆಯ ನಷ್ಟ.

ನಾಲ್ಕನೆಯದು ಲೋಪವನ್ನು ವರದಿ ಮಾಡಲು ಅಂಜದ ವಾತಾವರಣ. ತೂಕದ ಕೊರತೆ ಅಥವಾ ನೆನೆದ ಚೀಲವನ್ನು ತಿಳಿಸಿದ ಸಿಬ್ಬಂದಿಗೇ ಮೊದಲು ಕಾರಣ ಕೇಳುವ ನೋಟಿಸು ದೊರೆತರೆ, ಮುಂದಿನ ಬಾರಿ ಆ ಕೊರತೆಯು ಮೌನವಾಗಿ ಚೀಟಿದಾರರ ಪಾಲಿಗೆ ವರ್ಗವಾಗುತ್ತದೆ.

5. ಸಾರ್ವಜನಿಕರ ಗಮನಕ್ಕೆ

ಅ) ರಾಷ್ಟ್ರೀಯ ಆಹಾರ ಭದ್ರತಾ ಕಾಯ್ದೆ, 2013ರ ಪ್ರಕಾರ ನ್ಯಾಯಬೆಲೆ ಅಂಗಡಿಯ ಬಾಗಿಲವರೆಗೆ ಧಾನ್ಯ ತಲುಪಿಸುವುದು ರಾಜ್ಯ ಸರ್ಕಾರದ ಹೊಣೆ. ಸಾಗಣೆಯ ಹೆಸರಿನಲ್ಲಿ ಚೀಟಿದಾರರು ಹಣ ನೀಡಬೇಕಾಗಿಲ್ಲ.

ಆ) ಸದರಿ ಕಾಯ್ದೆಯಡಿ ಅಂತ್ಯೋದಯ ಕುಟುಂಬಕ್ಕೆ ತಿಂಗಳಿಗೆ 35 ಕಿಲೋ, ಆದ್ಯತಾ ಕುಟುಂಬದ ಪ್ರತಿ ಸದಸ್ಯರಿಗೆ 5 ಕಿಲೋ ಧಾನ್ಯದ ಹಕ್ಕಿದೆ. 2023ರ ಜನವರಿ 1ರಿಂದ ಇದನ್ನು ಉಚಿತವಾಗಿ ನೀಡಲಾಗುತ್ತಿದೆ.

ಇ) ಬೆರಳಚ್ಚು ಹೊಂದಾಣಿಕೆಯಾಗದ ಅಥವಾ ನೆಟ್‌ವರ್ಕ್ ದೊರೆಯದ ಕಾರಣಕ್ಕಾಗಿ ಅರ್ಹರಿಗೆ ಧಾನ್ಯ ನಿರಾಕರಿಸಬಾರದೆಂದು ಕೇಂದ್ರ ಸರ್ಕಾರವು 2017ರ ಅಕ್ಟೋಬರ್‌ನಲ್ಲಿ ಸೂಚಿಸಿದೆ.

ಈ) ದೂರುಗಳಿದ್ದಲ್ಲಿ ಉಚಿತ ಸಹಾಯವಾಣಿ 1967ಕ್ಕೆ ಕರೆ ಮಾಡಬಹುದು, ತಹಶೀಲ್ದಾರರ ಕಚೇರಿಯ ಆಹಾರ ಶಾಖೆಗೆ ಅಥವಾ ಜಿಲ್ಲಾ ಕುಂದುಕೊರತೆ ನಿವಾರಣಾ ಅಧಿಕಾರಿಗೆ ಲಿಖಿತವಾಗಿಯೂ ಸಲ್ಲಿಸಬಹುದು. ದೂರಿನಲ್ಲಿ ಅಂಗಡಿಯ ಸಂಖ್ಯೆ, ದಿನಾಂಕ ಹಾಗೂ ದೊರೆತ ಪ್ರಮಾಣವನ್ನು ನಮೂದಿಸಿದಲ್ಲಿ ಲೋಪವಾದ ಕೊಂಡಿಯನ್ನು ಗುರುತಿಸುವುದು ಸುಲಭವಾಗುತ್ತದೆ.

ಉ) ನ್ಯಾಯಬೆಲೆ ಅಂಗಡಿ ಮಟ್ಟದಲ್ಲಿಯೂ ಜಾಗೃತ ಸಮಿತಿ ಇರಬೇಕೆಂದು ಕಾಯ್ದೆಯು ವಿಧಿಸಿದೆ. ಲಾರಿ ಬಂದ ದಿನ ಸಮಿತಿಯ ಸದಸ್ಯರು ಹಾಜರಿದ್ದು ಚೀಲಗಳನ್ನು ಎಣಿಸಿದಲ್ಲಿ, ಕೊರತೆ ಯಾವ ಹಂತದಲ್ಲಿ ಆಯಿತೆಂಬುದು ಅಂದೇ ತಿಳಿಯುತ್ತದೆ. ಮುಂದೆ ಅಂಗಡಿ ಮಾಲೀಕರಿಗೂ ಚೀಟಿದಾರರಿಗೂ ವಿವಾದಕ್ಕೆ ಎಡೆಯಿರುವುದಿಲ್ಲ.